ತಾತನ ಪದ್ಮಿನಿ ಎಂಟು ವರ್ಷದಿಂದ ನಿಂತಿದೆ, ಗುಜರಿಗೆ ಕೊಡೋದಾ?

ಪ್ರಶ್ನೆ: ನಮ್ಮ ತಾತನ 1982ರ ಪ್ರೀಮಿಯರ್ ಪದ್ಮಿನಿ ಬಸವನಗುಡಿಯ ಮನೆ ಅಂಗಳದಲ್ಲಿ, ಹೊಂಗೆ ಮರದ ಕೆಳಗೆ ನಿಂತಿದೆ. ಟೈರ್ ಕೂತಿವೆ, ಬಾಗಿಲ ಕೆಳಗೆ ತುಕ್ಕು. ಗುಜರಿಯವರು ಆಗಲೇ ಎರಡು ಸಲ ಬಂದು ಕೇಳಿದರು. ನನಗೆ ಕೊಡೋಕೆ ಮನಸ್ಸಿಲ್ಲ. ಉಳಿಸೋಕಾಗುತ್ತಾ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತದೆ. ಗಾಡಿ ಮಾತ್ರ ಬೇರೆ. ಒಬ್ಬರದು ಅಂಬಾಸಿಡರ್, ಇನ್ನೊಬ್ಬರದು ಸ್ಟ್ಯಾಂಡರ್ಡ್ ಹೆರಾಲ್ಡ್. ಬಹಳಷ್ಟು ಗಾಡಿಗಳನ್ನು ಉಳಿಸಬಹುದು. ಆದರೆ ಎಂಜಿನ್ ನೋಡಿ ತೀರ್ಮಾನ ಮಾಡಬೇಡಿ. ಮೊದಲು ಗಾಡಿಯ ತಳ ನೋಡಿ, ಆಮೇಲೆ ಕಾಗದ ನೋಡಿ.

ತಳ ಯಾಕೆ ಅಂದರೆ, ಪದ್ಮಿನಿಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ಇಟಲಿಯ ಫಿಯಟ್ 1100 ಗಾಡಿಯನ್ನೇ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು. ಅದರ ಬಾಡಿಯೇ ಚಾಸಿ. ಹೆರಾಲ್ಡ್‌ಗೆ ಹಾಗಲ್ಲ, ಕೆಳಗೆ ಬೇರೆ ಚಾಸಿ ಇದೆ, ಮೇಲಿನ ಬಾಡಿಯನ್ನು ಬಿಚ್ಚಿ ಎತ್ತಬಹುದು. ಹಾಗಾಗಿ ಪದ್ಮಿನಿಯ ಫ್ಲೋರ್ ತುಕ್ಕು ಹಿಡಿದರೆ ಅದು ಬರೀ ಅಂದದ ಪ್ರಶ್ನೆಯಲ್ಲ, ಗಾಡಿಯ ಬೆನ್ನೆಲುಬೇ ಹೋದ ಹಾಗೆ. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಬಾಗಿಲ ಕೆಳಗಿನ ಅಂಚು, ಡಿಕ್ಕಿಯ ತಳ, ಬ್ಯಾಟರಿ ಕೂರುವ ಜಾಗ, ಹಿಂದಿನ ಸ್ಪ್ರಿಂಗ್ ಪಟ್ಟಿ ಬಾಡಿಗೆ ಸೇರುವ ಜಾಗ, ಇವನ್ನೆಲ್ಲ ಬಿಡದೆ ನೋಡಿ. ತಗಡು ಗಟ್ಟಿಯಾಗಿ ಸದ್ದು ಮಾಡಿದರೆ ಧೈರ್ಯವಾಗಿರಿ. ಸ್ಕ್ರೂಡ್ರೈವರ್ ಒಳಗೇ ಹೋದರೆ ತಗಡು ಕೆಲಸ ಮಾಡುವ ಒಳ್ಳೆ ಟಿಂಕರ್‌ಗೆ ತೋರಿಸಿ. ಅಂಗೈಯಷ್ಟು ಅಗಲ ಹೋಗಿದ್ದರೆ ಕತ್ತರಿಸಿ ಹೊಸ ತಗಡು ಬೆಸೆಯಬಹುದು. ಸುಮ್ನೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಯಲು ಮಾತ್ರ ಬಿಡಬೇಡಿ, ಒಳಗೆ ತುಕ್ಕು ತನ್ನ ಪಾಡಿಗೆ ಮುಂದುವರಿಯುತ್ತದೆ. ಮಂಗಳೂರಿನ ಉಪ್ಪುಗಾಳಿ ಇಲ್ಲಿಲ್ಲ. ಬೆಂಗಳೂರಿನಲ್ಲಿ ನಿಂತ ಗಾಡಿಗೆ ಅದೇ ದೊಡ್ಡ ಪುಣ್ಯ.

ಎಂಜಿನ್‌ಗೆ ನಾನು ಅಷ್ಟು ಹೆದರುವುದಿಲ್ಲ. 1089 ಸಿಸಿಯ ಸರಳ ಎಂಜಿನ್ ಅದು, ಕಾರ್ಬುರೇಟರ್, ಪಾಯಿಂಟ್, ಕಾಯಿಲ್, ಅಷ್ಟೆ. ಜಾಮ್ ಆಗಿದ್ದರೂ ಬಿಚ್ಚಿ ಬೋರ್ ಮಾಡಿಸಬಹುದು, ಅಂದರೆ ಸಿಲಿಂಡರಿನ ಒಳಮೈ ಕೊರೆಸಿ ಸರಿ ಮಾಡಿಸಬಹುದು. ಆದರೆ ದಯವಿಟ್ಟು ಹೊಸ ಬ್ಯಾಟರಿ ತಂದು ಒಂದೇ ಸಲಕ್ಕೆ ಸೆಲ್ಫ್ ಹೊಡೆಯಬೇಡಿ. ಎಂಟು ವರ್ಷ ನಿಂತ ಎಂಜಿನ್ನಿನ ಪಿಸ್ಟನ್ ರಿಂಗ್‌ಗಳು ಸಿಲಿಂಡರಿನ ಒಳಮೈಗೆ ಅಂಟಿರಬಹುದು. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು, ಎರಡು ದಿನ ಹಾಗೇ ಬಿಡಿ. ಆಮೇಲೆ ಎಂಜಿನ್ ಮುಂದಿರುವ ಕ್ರ್ಯಾಂಕ್ ಪುಲ್ಲಿಗೆ (ಬೆಲ್ಟ್ ಓಡುವ ಚಕ್ರ) ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿ. ತಿರುಗಿತಾ? ಅರ್ಧ ಗೆದ್ದಿರಿ. ಹಳೇ ಪೆಟ್ರೋಲ್ ಪೂರ್ತಿ ತೆಗೆಸಿ, ಟ್ಯಾಂಕ್ ತೊಳೆಸಿ, ರಬ್ಬರ್ ಪೈಪ್‌ಗಳನ್ನೆಲ್ಲ ಬದಲಿಸಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಎಥನಾಲ್ ತಡೆಯುವ ಪೈಪ್ ಅಂತಲೇ ಕೇಳಿ ಹಾಕಿಸಿ. ಬ್ರೇಕ್ ಸಿಲಿಂಡರ್‌ಗಳನ್ನು ನೋಡದೆ ಗೇಟ್ ದಾಟಬೇಡಿ. ಗಾಡಿ ಓಡಿದರೂ ನಿಲ್ಲದಿರಬಹುದು.

ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತಬೇಕು. ಒಂದೇ ದಿನಕ್ಕೆ ಎಲ್ಲ ಸಿಗುವುದಿಲ್ಲ. ಎಂಜಿನ್ ಸಾಮಾನು ಹೇಗೋ ಸಿಗುತ್ತದೆ, ಲೈಟಿನ ರಿಂಗ್, ಬಾಗಿಲ ಹಿಡಿ, ಕ್ರೋಮ್ ಬೀಡಿಂಗ್ (ಬಾಡಿ ಮೇಲಿನ ಹೊಳೆಯುವ ಪಟ್ಟಿ) ಸಿಗುವುದು ಕಷ್ಟ. ನನ್ನ ಫಿಯಟ್ ಪೇಂಟಿಗೆ ಕೊಟ್ಟಾಗ ಒಂದು ಗ್ಯಾರೇಜಿನಲ್ಲಿ ಬೀಡಿಂಗ್ ಪೂರ್ತಿ ಕಳೆದುಹೋಯಿತು. ಅಂಥದ್ದೇ ಇನ್ನೊಂದನ್ನು ಹುಡುಕಿ ತರಲು ಎರಡು ವರ್ಷ ಹಿಡಿಯಿತು. ಅದಕ್ಕೇ ಹೇಳುವುದು, ಬಿಚ್ಚುವ ಮುಂಚೆ ಎಲ್ಲದರ ಫೋಟೊ ತೆಗೆಯಿರಿ. ಬಿಚ್ಚಿದ್ದನ್ನು ಹೆಸರು ಬರೆದ ಚೀಲದಲ್ಲಿ ಹಾಕಿ ಮನೆಗೆ ತನ್ನಿ.

ಇನ್ನು ಕಾಗದ. ಇದೇ ಜಾಸ್ತಿ ಗಾಡಿಗಳನ್ನು ಗುಜರಿಗೆ ಕಳಿಸುವುದು. ಆರ್‌ಸಿ ತಾತನ ಹೆಸರಲ್ಲೇ ಇದ್ದು ಅವರು ತೀರಿಕೊಂಡಿದ್ದರೆ, ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31 ಬೇಕು. ಜೊತೆಗೆ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಸ್ವಂತ ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ಫಾರಂ 25ರಲ್ಲಿ ನವೀಕರಣ. 15 ವರ್ಷ ಆದರೆ ಓಡಿಸುವಂತಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ದೆಹಲಿ ಸುತ್ತಮುತ್ತಲಿನ ಪೆಟ್ರೋಲ್ ಗಾಡಿಗಳ ವಿಚಾರದಲ್ಲಿ ಬಂದ ಮಾತು. ಬೆಂಗಳೂರಿನಲ್ಲಿ ಫಿಟ್‌ನೆಸ್ ಪಾಸಾಗಿ, ತೆರಿಗೆ, ಇನ್ಶೂರೆನ್ಸ್, ಹೊಗೆ ಪರೀಕ್ಷೆ ಸರಿಯಿದ್ದರೆ ಓಡಿಸಬಹುದು.

2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ. ನಿಮ್ಮದಕ್ಕೆ 50 ತುಂಬುವುದು 2032ರಲ್ಲಿ, ಇನ್ನೂ ಸಮಯವಿದೆ. ವಿಂಟೇಜ್ ಅಂತ ಬರೆಸಿದರೆ ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ ಹೊರಗೆ ತರಬಹುದು, ದಿನಾ ಓಡಿಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಈಗ ಬೇರೆ ಎಂಜಿನ್ ಕೂರಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಇನ್ನೊಂದು ಮಾತು. ನಿಮ್ಮ ಗಾಡಿಯದು ಕೆಎ ಬರುವ ಮುಂಚಿನ ನಂಬರ್ ಆಗಿರಬೇಕು, ಅಲ್ವಾ? ಎಂವೈ, ಎಂಇ, ಸಿಎ ಅಂತ ಶುರುವಾಗುವ ಆ ಪ್ಲೇಟ್ ಗುಜರಿಗೆ ಹೋದರೆ ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಮನೆಯವರು ಕೇಳುತ್ತಾರೆ. ನನ್ನ ಗಾಡಿ ಸಿಕ್ಕಿದ್ದು ಮಲ್ಲೇಶ್ವರದ ಒಂದು ಶೆಡ್ಡಿನಲ್ಲಿ. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಸಣ್ಣ ಡೈರಿ ಇತ್ತು. ಹಳೇ ಯಜಮಾನರು ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲ್, ಬದಲಿಸಿದ ಪ್ರತಿ ಪ್ಲಗ್ ಬರೆದಿಟ್ಟಿದ್ದರು. "ತಿರುಪತಿಗೆ ಹೋಗಿ ಬಂದೆವು, ತೊಂದರೆ ಇಲ್ಲ" ಅಂತ ಒಂದು ಸಾಲು. ಅದನ್ನು ಓದಿದ ಮೇಲೆ ಆ ಗಾಡಿ ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ನಿಮ್ಮ ತಾತನ ಗಾಡಿಯ ಖಾನೆಯನ್ನೂ ತೆಗೆದು ನೋಡಿ.

ಗುಜರಿಯವರಿಗೆ ಉತ್ತರ ಹೇಳಲು ಅವಸರ ಬೇಡ. ಈ ಭಾನುವಾರ ಒಂದು ಕೆಲಸ ಮಾಡಿ. ಮುಂದಿನ ಗಾಜಿನ ಬುಡದಲ್ಲಿ ಹೊಂಗೆ ಹೂವು, ಎಲೆ ತುಂಬಿ ಕೊಳೆಯುತ್ತಿರುತ್ತವೆ. ನೀರು ಅಲ್ಲಿಂದಲೇ ಇಳಿದು ಫ್ಲೋರ್ ತಿನ್ನುವುದು. ಬ್ರಷ್ಷಿನಿಂದ ಪೂರ್ತಿ ಗುಡಿಸಿ ತೆಗೆದು, ಮಳೆ ಬರುವ ಮುಂಚೆ ಗಾಡಿಯನ್ನು ಆ ಮರದ ಕೆಳಗಿನಿಂದ ಈಚೆ ತಳ್ಳಿ.