ಎರಡು ಎಲೆ, ಒಂದು ಚೀಲ

ಮಳೆಗಾಲದ ಆರಂಭದಲ್ಲಿ ಕರಿಬೇವಿನ ಕುಂಡಕ್ಕೆ ಮಣ್ಣು ತುಂಬುವಾಗ ತರಕಾರಿ ಅಂಗಡಿಯ ಚೀಲವೊಂದನ್ನೂ ಒಳಗೆ ಹೂತಿಟ್ಟಿದ್ದೆ. ಅದರ ಮೇಲೆ ಎರಡು ಹಸಿರು ಎಲೆಗಳ ಚಿತ್ರ, ‘ನಾನು ಪ್ಲಾಸ್ಟಿಕ್ ಅಲ್ಲ, ಮಣ್ಣಿನಲ್ಲಿ ಮಣ್ಣಾಗುತ್ತೇನೆ’ ಎಂಬ ಬರಹ. ದೀಪಾವಳಿಯ ಹೊತ್ತಿಗೆ ಕೆದಕಿ ನೋಡಿದರೆ ಬೇರುಗಳ ನಡುವೆ ಚೀಲ ಇನ್ನೂ ಚೀಲವಾಗಿಯೇ ಇತ್ತು. ಅಂಚು ಹರಿದಿತ್ತು, ಎಲೆಗಳ ಹಸಿರು ಮಾತ್ರ ಮಾಸಿರಲಿಲ್ಲ.

ಬರಹ ಪೂರ್ತಿ ಸುಳ್ಳೆನ್ನಲೂ ಆಗದು. ಇಂಥ ಚೀಲಗಳಲ್ಲಿ ಸಾಮಾನ್ಯವಾಗಿ ಪಿಎಲ್‌ಎ ಎಂಬ ವಸ್ತು ಇರುತ್ತದೆ. ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಬ್ಯಾಕ್ಟೀರಿಯಾಗಳಿಂದ ಹುದುಗು ಬರಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮನೆಯ ಮೊಸರಿಗೆ ಹುಳಿ ಕೊಡುವುದೂ ಅದೇ. ಆ ಅಣುಗಳನ್ನು ಸರಪಳಿಯಾಗಿ ಪೋಣಿಸಿದರೆ ಪಿಎಲ್‌ಎ ಸಿದ್ಧ. ಹುಟ್ಟಿದ್ದು ಜೋಳದಿಂದಾದರೂ ಆದದ್ದು ಪ್ಲಾಸ್ಟಿಕ್ಕೇ. ಅದರದು ಬಿರುಸು ಸ್ವಭಾವ. ಚೀಲಕ್ಕೆ ಬೇಕಾದ ಬಳುಕು ಬರಲೆಂದು ಪಿಬಿಎಟಿ ಎಂಬ ಮತ್ತೊಂದು ಮೆತ್ತನೆಯ ಪ್ಲಾಸ್ಟಿಕ್ ಬೆರೆಸುತ್ತಾರೆ. ಅದು ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದು. ಎಲೆಯ ಚಿತ್ರದಲ್ಲಿ ಈ ಸಂಗತಿಗೆ ಜಾಗವಿಲ್ಲ.

ಅಷ್ಟುದ್ದದ ಸರಪಳಿಯನ್ನು ಸೂಕ್ಷ್ಮಜೀವಿಗಳು ನೇರವಾಗಿ ತಿನ್ನಲಾರವು. ಮೊದಲು ನೀರು ಒಳಹೊಕ್ಕು ಅದನ್ನು ತುಂಡರಿಸಬೇಕು. ಕಾವು 60 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ತನಕ ಪಿಎಲ್‌ಎ ಸರಪಳಿಗಳು ಸೆಟೆದುಕೊಂಡೇ ಇರುತ್ತವೆ. ಅಲ್ಲಿಯವರೆಗೆ ನೀರಿನ ಕೆಲಸ ಆಮೆಗತಿಯಲ್ಲಿ ಸಾಗುತ್ತದೆ. ‘ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್’ ಎಂಬ ಪ್ರಮಾಣಪತ್ರಕ್ಕಾಗಿ ಪ್ರಯೋಗಾಲಯದಲ್ಲಿ ನಡೆಸುವ ಪರೀಕ್ಷೆಯೂ 58 ಡಿಗ್ರಿಯ ಆಸುಪಾಸಿನದು. ಅಲ್ಲಿ 180 ದಿನಗಳೊಳಗೆ ವಸ್ತುವಿನ ಇಂಗಾಲದ ಶೇ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು. ದೊಡ್ಡ ಗೊಬ್ಬರ ಘಟಕದ ರಾಶಿ ಆ ಕಾವನ್ನು ಮುಟ್ಟುತ್ತದೆ. ನನ್ನ ಕುಂಡ ಮುಟ್ಟುವುದಿಲ್ಲ, ರಸ್ತೆ ಬದಿಯ ಚರಂಡಿಯೂ ಅಷ್ಟೇ. ‘ಮಣ್ಣಾಗುತ್ತೇನೆ’ ಎಂದ ಚೀಲ ಎಲ್ಲಿ, ಎಷ್ಟು ದಿನಕ್ಕೆ ಎಂಬುದನ್ನು ನುಂಗಿಕೊಂಡಿತ್ತು.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಂಪೋಸ್ಟ್ ಆಗುವ ಚೀಲವೊಂದು ಕಡಲಿನಲ್ಲಿ ಮೂರು ತಿಂಗಳಲ್ಲೇ ಕಾಣೆಯಾಗಿತ್ತು. ಅದೇ ಬಗೆಯ ಚೀಲ ಮಣ್ಣಿನಲ್ಲಿ 27 ತಿಂಗಳ ಬಳಿಕವೂ ಉಳಿದಿತ್ತು. ‘ಜೈವಿಕವಾಗಿ ಕೊಳೆಯುವ’ ಎಂಬ ಹಣೆಪಟ್ಟಿಯ ಇನ್ನೊಂದು ಚೀಲವಂತೂ ಮೂರು ವರ್ಷಗಳ ನಂತರವೂ ದಿನಸಿ ಹೊರುವಷ್ಟು ಗಟ್ಟಿಯಾಗಿತ್ತು!

‘ಹಸಿರು’, ‘ಪರಿಸರಸ್ನೇಹಿ’ ಎಂದು ಬರಿದೆ ಬರೆದುಕೊಳ್ಳುವಂತಿಲ್ಲ, ವಿವರಣೆ ಮತ್ತು ಪುರಾವೆ ಬೇಕು ಎಂದು ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಾಂಪೋಸ್ಟ್ ಆಗುವ ಚೀಲದ ಮೇಲೆ ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ ಇರಬೇಕೆಂಬ ನಿಯಮ ಅದಕ್ಕಿಂತ ಹಳೆಯದು. ಕುಂಡದಿಂದ ತೆಗೆದ ಚೀಲವನ್ನು ತೊಳೆದು, ಬಿಸಿಲಿಗೆ ಹಿಡಿದು ಹುಡುಕಿದೆ. ಎಲೆಗಳ ಕೆಳಗೆ ಸಿಕ್ಕಿದ್ದು ಒಂದೇ ಸಾಲು: ‘ಧನ್ಯವಾದಗಳು, ಮತ್ತೆ ಬನ್ನಿ.’