ಸಸ್ಪೆಂಡ್ ಆದ ಮಾತ್ರಕ್ಕೆ ಶಿಕ್ಷೆ ಆದಂತಲ್ಲ

ಸರ್ಕಾರಿ ಶಾಲಾ ಶಿಕ್ಷಕರ ಮೇಲಿನ ದೂರು, ಇಲಾಖಾ ವಿಚಾರಣೆ, ಶಿಸ್ತು ಕ್ರಮ, ಈ ಕಡತಗಳನ್ನು ನೋಡುವ ಕೆಲಸ ನನ್ನದು. ಫೋನ್ ಮಾಡುವವರು ಪೋಷಕರಿರಬಹುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿರಬಹುದು, ಪಂಚಾಯಿತಿ ಸದಸ್ಯರಿರಬಹುದು. ಯಾರೇ ಆಗಲಿ, ಮಾತು ಶುರುವಾಗುವುದು ಒಂದೇ ಥರ: "ಸಾರ್, ಮೊದಲು ಆ ಮೇಷ್ಟ್ರನ್ನ ಸಸ್ಪೆಂಡ್ ಮಾಡಿಸಿ." ಏನಾಯ್ತು, ಯಾವತ್ತು ಆಯ್ತು, ನೋಡಿದವರು ಯಾರು ಅಂತ ಕೇಳಿದರೆ ಆ ಕಡೆಯಿಂದ ಬೇಸರದ ದನಿ ಬರುತ್ತದೆ. "ಅದೆಲ್ಲ ಆಮೇಲೆ ನೋಡೋಣ ಸಾರ್."

ಆಮೇಲೆ ಯಾರೂ ನೋಡುವುದಿಲ್ಲ. ನನ್ನ ಸಂಕಟ ಇಷ್ಟೇ.

ಅಮಾನತು ಶಿಕ್ಷೆ ಅಲ್ಲ. ನಾವು ಸಿಸಿಎ ರೂಲ್ಸ್ ಅಂತ ಕರೆಯುವ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಲ್ಲಿ 8ನೇ ನಿಯಮ ಅಂತ ಒಂದಿದೆ. ನೌಕರನಿಗೆ ಕೊಡಬಹುದಾದ ದಂಡನೆಗಳೆಲ್ಲ ಅಲ್ಲಿವೆ. ವಾಗ್ದಂಡನೆ, ವೇತನ ಬಡ್ತಿ ತಡೆ, ನಷ್ಟದ ವಸೂಲಿ, ಕೆಳಗಿನ ಹುದ್ದೆಗೆ ಇಳಿಸುವುದು, ಕಡ್ಡಾಯ ನಿವೃತ್ತಿ, ಕೊನೆಗೆ ವಜಾ. ಆ ಪಟ್ಟಿಯಲ್ಲಿ ಅಮಾನತು ಇಲ್ಲವೇ ಇಲ್ಲ. ಅದು ಬರುವುದು 10ನೇ ನಿಯಮದಲ್ಲಿ. ವಿಚಾರಣೆ ನಡೆಯುವಾಗ ಅಥವಾ ನಡೆಸಬೇಕು ಅಂತ ಇರುವಾಗ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಡುವ ವ್ಯವಸ್ಥೆ ಅದು. ಆತ ದಾಖಲೆ ತಿದ್ದಬಾರದು, ಸಾಕ್ಷಿಗಳನ್ನು ಹೆದರಿಸಬಾರದು, ಮಕ್ಕಳಿಗೆ ಇನ್ನಷ್ಟು ತೊಂದರೆ ಆಗಬಾರದು. ಉದ್ದೇಶ ಇಷ್ಟೇ.

ಅಮಾನತಾದ ಶಿಕ್ಷಕ ನೌಕರಿಯಲ್ಲೇ ಇರುತ್ತಾನೆ. ಅವನಿಗೆ ಜೀವನಾಧಾರ ಭತ್ಯೆ ಅಂತ ಮೊದಲಿಗೆ ಹೆಚ್ಚುಕಡಿಮೆ ಅರ್ಧ ಸಂಬಳ ಸಿಗುತ್ತದೆ. ಪಾಠ ಮಾಡುವ ಹಾಗಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಉಳಿದ ಇನ್ನೊಬ್ಬರ ತಲೆ ಮೇಲೆ ಐದು ತರಗತಿ. ಇತ್ತ ಊರಿನಲ್ಲಿ "ಮೇಷ್ಟ್ರಿಗೆ ತಕ್ಕ ಶಾಸ್ತಿ ಆಯ್ತು" ಅಂತ ಎಲ್ಲರೂ ಮನೆಗೆ ಹೋಗಿರುತ್ತಾರೆ. ಅಸಲಿ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ.

ಅಸಲಿ ಕೆಲಸ ಅಂದರೆ ದೋಷಾರೋಪಣ ಪಟ್ಟಿ, ವಿಚಾರಣಾಧಿಕಾರಿ, ಇಲಾಖೆಯ ಪರವಾಗಿ ಮಂಡನಾಧಿಕಾರಿ, ಸಾಕ್ಷಿಗಳು, ಪಾಟೀಸವಾಲು. ಸಂವಿಧಾನದ 311ನೇ ವಿಧಿ ಹೇಳುವುದು ಇದನ್ನೇ. ಆರೋಪ ಏನು ಅಂತ ತಿಳಿಸದೆ, ಉತ್ತರ ಕೊಡಲು ಸರಿಯಾದ ಅವಕಾಶ ಕೊಡದೆ ಸರ್ಕಾರಿ ನೌಕರನನ್ನು ವಜಾ ಮಾಡುವ ಹಾಗಿಲ್ಲ. ತೀರಾ ವಿಶೇಷ ಸಂದರ್ಭಗಳಿಗೆ ವಿನಾಯಿತಿ ಇದೆ, ಆದರೆ ನಮ್ಮ ಮುಂದೆ ಬರುವ ದೂರುಗಳಲ್ಲಿ ಬಹುಪಾಲು ಅಂಥವಲ್ಲ. ವಿಚಾರಣೆಯ ದಿನ ನೋಟಿಸ್ ಕೊಟ್ಟು ಕರೆಸಿದರೆ, ಅರ್ಜಿಗೆ ಸಹಿ ಹಾಕಿದ ಇಡೀ ಊರಿನಲ್ಲಿ ಸಾಮಾನ್ಯವಾಗಿ ಒಬ್ಬರೂ ಬರುವುದಿಲ್ಲ. ಬಂದವರೂ "ಹೋಗ್ಲಿ ಬಿಡಿ ಸಾರ್, ಪಾಪ, ಅವರಿಗೂ ಹೆಂಡ್ತಿ ಮಕ್ಕಳಿದ್ದಾರೆ" ಅನ್ನುತ್ತಾರೆ. ನಮ್ಮ ಜನರ ಈ ಮೃದು ಮನಸ್ಸು ನನಗೂ ಇಷ್ಟ. ಆದರೆ ಆ ಕರುಣೆಯ ಬೆಲೆ ತೆರುವುದು ಆ ಶಾಲೆಯ ಮಕ್ಕಳು. ಸಾಕ್ಷಿ ಇಲ್ಲದೆ ಆರೋಪ ಬಿದ್ದುಹೋಗುತ್ತದೆ. ಪೂರ್ತಿ ನಿರ್ದೋಷಿ ಅಂತ ತೀರ್ಮಾನವಾದರೆ ಅಮಾನತಿನ ಅವಧಿಯನ್ನು ಕರ್ತವ್ಯ ಅಂತ ಪರಿಗಣಿಸಿ ಬಾಕಿ ಸಂಬಳವನ್ನೂ ಕೊಡಬೇಕಾಗಿ ಬರುತ್ತದೆ. ಆಗ ಅದೇ ಊರಿನವರು "ಇಲಾಖೆಗೆ ದುಡ್ಡು ತಿನ್ನಿಸಿಬಿಟ್ಟ" ಅನ್ನುತ್ತಾರೆ.

ಅರ್ಜಿಯೇ ಸಾಕ್ಷಿ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. ರೂಪ್ ಸಿಂಗ್ ನೇಗಿ ಅನ್ನುವ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಕಾಗದಗಳನ್ನು ತಂದು ಕಡತದಲ್ಲಿ ಇಟ್ಟರೆ ಆರೋಪ ಸಾಬೀತಾಗುವುದಿಲ್ಲ, ಅದರಲ್ಲಿ ಇರುವುದನ್ನು ಸಾಕ್ಷಿ ಬಂದು ಹೇಳಬೇಕು. ಕ್ರಿಮಿನಲ್ ಕೋರ್ಟಿನಷ್ಟು ಕಟ್ಟುನಿಟ್ಟಿನ ಪುರಾವೆ ಇಲಾಖಾ ವಿಚಾರಣೆಗೆ ಬೇಡ. ಹೀಗೇ ನಡೆದಿರುವ ಸಂಭವ ಜಾಸ್ತಿ ಅಂತ ತೋರಿದರೂ ಸಾಕು. ಆದರೆ ಅಷ್ಟಾದರೂ ಬೇಕಲ್ವಾ?

ಒಂದು ಪ್ರಕರಣ ಹೇಳುತ್ತೇನೆ, ಊರಿನ ಹೆಸರು ಬೇಡ. ಇಬ್ಬರು ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ. ಅವರಲ್ಲೊಬ್ಬರು ಶಾಲೆಗೆ ಬರುವುದೇ ಅಪರೂಪ, ಆದರೆ ಹಾಜರಾತಿ ಪುಸ್ತಕದಲ್ಲಿ ಎಲ್ಲ ದಿನವೂ ಸಹಿ ಇದೆ. ಊರವರ ಅರ್ಜಿಯಲ್ಲಿ ಒಂದೂ ತಾರೀಕಿರಲಿಲ್ಲ. ವಿಚಾರಣೆಗೆ ಬಂದದ್ದು ಕೂಲಿ ಮಾಡುವ ಒಬ್ಬ ತಾಯಿ. ನಾಲ್ಕನೇ ಕ್ಲಾಸಿನ ಮಗಳ ಕಾಪಿ ಪುಸ್ತಕಗಳನ್ನು ಸೀರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಆ ಹುಡುಗಿ ಪ್ರತಿ ಪುಟದ ಮೇಲೂ ತಾರೀಕು ಬರೆದಿದ್ದಳು. ಮೇಷ್ಟ್ರು ಬಂದ ದಿನ ಕೆಂಪು ಇಂಕಿನಲ್ಲಿ ಅವರ ಸಹಿ. ಉಳಿದ ದಿನಗಳಲ್ಲಿ ನೀಲಿ ಇಂಕಿನಲ್ಲಿ ಇನ್ನೊಬ್ಬ ಶಿಕ್ಷಕಿಯ ಸಹಿ, ಕೆಳಗೆ ಅವತ್ತಿನದೇ ತಾರೀಕು. ನಾವು ಆ ಶಿಕ್ಷಕಿಯನ್ನು ಸಾಕ್ಷಿಯಾಗಿ ಕರೆಸಿದೆವು. ಸಹೋದ್ಯೋಗಿಯ ವಿರುದ್ಧ ಮಾತಾಡಲು ಅವರಿಗೆ ಮನಸ್ಸಿರಲಿಲ್ಲ, ಅದು ಸಹಜ. ಆದರೆ ತಮ್ಮ ಸಹಿಯನ್ನು ಇಲ್ಲ ಅನ್ನುವುದು ಹೇಗೆ? "ಆ ದಿನಗಳಲ್ಲಿ ಎಲ್ಲ ಕ್ಲಾಸೂ ನಾನೇ ನೋಡಿಕೊಂಡೆ" ಅಂದರು. ಹಾಜರಾತಿ ಪುಸ್ತಕವನ್ನೂ ಕಾಪಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಶಿಕ್ಷಕರ ಬಳಿ ಉತ್ತರ ಇರಲಿಲ್ಲ. ವೇತನ ಬಡ್ತಿ ತಡೆಯಾಯಿತು, ಗೈರಾದ ದಿನಗಳ ಸಂಬಳ ವಾಪಸ್ ಕಟ್ಟಿದರು. ಅವರನ್ನು ಅಮಾನತು ಮಾಡಿರಲೇ ಇಲ್ಲ. ವಿಚಾರಣೆ ನಡೆಯುವಷ್ಟು ದಿನವೂ ಶಾಲೆಗೆ ಬಂದು ಪಾಠ ಮಾಡಿದರು.

ತಪ್ಪು ಊರಿನವರದ್ದು ಮಾತ್ರ ಅಲ್ಲ. ಟಿವಿಯಲ್ಲಿ ಮಧ್ಯಾಹ್ನ ವಿಡಿಯೊ ಬಂದರೆ ಸಂಜೆಯೊಳಗೆ ಅಮಾನತಿನ ಆದೇಶ ಹೊರಡುತ್ತದೆ. ಅದರ ಬೆನ್ನಿಗೇ ಬರಬೇಕಾದ ದೋಷಾರೋಪಣ ಪಟ್ಟಿ ತಿಂಗಳುಗಟ್ಟಲೆ ಮಲಗುತ್ತದೆ. ಬಂದರೂ ಹೇಗಿರುತ್ತದೆ? "ಸದರಿ ಶಿಕ್ಷಕರು ಪದೇ ಪದೇ ಕರ್ತವ್ಯಲೋಪ ಎಸಗಿ ಸರ್ಕಾರಿ ನೌಕರರಿಗೆ ತರವಲ್ಲದ ರೀತಿಯಲ್ಲಿ ವರ್ತಿಸಿರುತ್ತಾರೆ." ಯಾವ ದಿನ, ಯಾವ ಹೊತ್ತು, ಯಾರ ಎದುರು, ಏನು ಮಾಡಿದರು? ಒಂದೂ ಇಲ್ಲ. ಇಂಥ ಆರೋಪಕ್ಕೆ ಆ ಶಿಕ್ಷಕ ಏನಂತ ಉತ್ತರ ಬರೆಯಬೇಕು? ಕೆಎಟಿ, ಅಂದರೆ ಸರ್ಕಾರಿ ನೌಕರರ ಸೇವಾ ತಕರಾರು ಕೇಳುವ ಆಡಳಿತ ನ್ಯಾಯಮಂಡಳಿಯ ಮುಂದೆ ಹೋದರೆ ಇದು ನಿಲ್ಲುವುದು ಕಷ್ಟ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮಿತ್ರರಿಗೆ ನನ್ನ ಕೋರಿಕೆ ಒಂದೇ. ಒಂದು ಆರೋಪಕ್ಕೆ ಒಂದು ಘಟನೆ ಬರೆಯಿರಿ. ಅದಕ್ಕೆ ಯಾವ ದಾಖಲೆ, ಯಾವ ಸಾಕ್ಷಿ ಅಂತ ಅಲ್ಲೇ ಕೆಳಗೆ ಸೇರಿಸಿ. ಹತ್ತು ಪೊಳ್ಳು ಆರೋಪಕ್ಕಿಂತ ಒಂದು ಗಟ್ಟಿ ಆರೋಪ ಸಾಕು.

ತಪ್ಪು ಮಾಡದೆ ಅಮಾನತಾಗಿ ಕುಳಿತ ಶಿಕ್ಷಕರನ್ನೂ ನೋಡಿದ್ದೇನೆ. ಊರ ರಾಜಕೀಯದಲ್ಲಿ ಒಂದು ಗುಂಪಿಗೆ ಬೇಡವಾದವರು ಅವರು. ಆರೋಪ ಏನು ಅಂತಲೇ ತಿಳಿಯದೆ, ಅರ್ಧ ಸಂಬಳದಲ್ಲಿ, ಅನುಮತಿ ಇಲ್ಲದೆ ಕೇಂದ್ರಸ್ಥಾನ ಬಿಡುವ ಹಾಗೂ ಇಲ್ಲದೆ ದಿನ ತಳ್ಳುತ್ತಾರೆ. ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, 3 ತಿಂಗಳೊಳಗೆ ದೋಷಾರೋಪಣ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸಬಾರದು ಅಂದಿತು. ಇದು ಕಣ್ಣು ಮುಚ್ಚಿ ಎಲ್ಲ ಪ್ರಕರಣಕ್ಕೂ ಅನ್ವಯಿಸುತ್ತದೆ ಅಂತ ನಾನು ಹೇಳುವುದಿಲ್ಲ. ಪ್ರತಿ ಪ್ರಕರಣದ ಸಂಗತಿ ಬೇರೆ, ವಕೀಲರನ್ನು ಕೇಳಿ. ಆದರೆ ದೋಷಾರೋಪಣ ಪಟ್ಟಿ ಕೊಡಿ ಅಂತ ಲಿಖಿತವಾಗಿ ಕೇಳುವುದಕ್ಕೆ ಯಾರೂ ಹೆದರಬೇಕಿಲ್ಲ.

ಹಾಗಾದರೆ ಅಮಾನತು ಯಾವಾಗ ಬೇಕೇ ಬೇಕು? ಬಿಸಿಯೂಟದ ಅಕ್ಕಿ, ಎಣ್ಣೆ, ಮೊಟ್ಟೆಯ ಲೆಕ್ಕದಲ್ಲಿ ಮುಖ್ಯ ಶಿಕ್ಷಕರ ಮೇಲೆಯೇ ಗುಮಾನಿ ಇದ್ದಾಗ. ಎಲ್ಲ ಪುಸ್ತಕಗಳೂ ಅವರ ಬೀರುವಿನಲ್ಲೇ ಇರುತ್ತವೆ. ಅಲ್ಲಿಯೂ ಆದೇಶ ಕೊಟ್ಟರೆ ಸಾಲದು. ಅದೇ ದಿನ ದಾಸ್ತಾನು ಪುಸ್ತಕ, ಮಕ್ಕಳ ಹಾಜರಾತಿ ಪುಸ್ತಕ ಎರಡನ್ನೂ ಮಹಜರು ಮಾಡಿ ವಶಕ್ಕೆ ತೆಗೆದುಕೊಳ್ಳಬೇಕು. ಹಾಜರಿದ್ದ ಮಕ್ಕಳಿಗಿಂತ ಊಟ ಮಾಡಿದ ಮಕ್ಕಳ ಸಂಖ್ಯೆ ಜಾಸ್ತಿ ಇದ್ದರೆ ಅದು ಹೊರಬರುವುದು ಆ ಎರಡು ಪುಸ್ತಕಗಳನ್ನು ಹೋಲಿಸಿದಾಗಲೇ.

ಇನ್ನೊಂದು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ಇಲ್ಲಿ ಮಾತ್ರ ನಮ್ಮ ಕಚೇರಿಗೆ ಫೋನ್ ಮಾಡುತ್ತಾ ಕೂರಬೇಡಿ, ಮೊದಲು ಪೊಲೀಸರಿಗೆ ಹೇಳಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರೆಲ್ಲ ತಿಳಿಸಲೇಬೇಕು. ಮುಖ್ಯ ಶಿಕ್ಷಕರು "ಶಾಲೆ ಮರ್ಯಾದೆ ಹೋಗುತ್ತೆ" ಅಂತ ಊರ ಹಿರಿಯರ ಮುಂದೆ ರಾಜಿ ಮಾಡಿಸಿದರೆ ಅದೇ ಅಪರಾಧ. ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಸೆಕ್ಷನ್ ಅಡಿ 1 ವರ್ಷದವರೆಗೆ ಜೈಲು ಇದೆ. ನಿಜವೋ ಸುಳ್ಳೋ ತಿಳಿಯೋಣ ಅಂತ ಮಗುವನ್ನು ಕೂರಿಸಿಕೊಂಡು ಒಬ್ಬೊಬ್ಬರೂ ಕೇಳಬೇಡಿ, ದಯವಿಟ್ಟು. ಮಕ್ಕಳ ಸಹಾಯವಾಣಿ 1098 ಇದೆ. ಆರೋಪಿ 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ನಿಯಮದ ಪ್ರಕಾರ ತಾನಾಗಿಯೇ ಅಮಾನತಾದಂತೆ. ಅದಕ್ಕೂ ಮುಂಚೆ ಮಕ್ಕಳಿಂದ ದೂರ ಇಡುವುದಕ್ಕೆ ಅಧಿಕಾರಿಗಳು ಕಾಯಬೇಕಾಗಿಲ್ಲ.

ಖಾಸಗಿ ಶಾಲೆಯ ಶಿಕ್ಷಕರನ್ನು ಸಸ್ಪೆಂಡ್ ಮಾಡಿ ಅಂತಲೂ ಕೇಳುತ್ತಾರೆ. ಅಲ್ಲಿ ಶಿಸ್ತು ಕ್ರಮ ಜರುಗಿಸುವವರು ಆಡಳಿತ ಮಂಡಳಿ, ಅದಕ್ಕೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಬೇರೆ ದಾರಿ ಇದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಹೊಡೆತದ ದೂರು ಇದ್ದರೆ ಅವತ್ತೇ ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚೀಟಿ ಮಾಡಿಸಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ವಾರ ಕಳೆದರೆ ಬಾಸುಂಡೆ ಮಾಯವಾಗುತ್ತದೆ. ಗೈರುಹಾಜರಿಯ ದೂರಾದರೆ ಎಸ್‌ಡಿಎಂಸಿ ಸಭೆಯ ನಡಾವಳಿ ಪುಸ್ತಕದಲ್ಲಿ ತಾರೀಕು ಸಮೇತ ಬರೆಸಿ, ಬಂದಿದ್ದ ಸದಸ್ಯರೆಲ್ಲ ಸಹಿ ಹಾಕಿ, ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿಯ ಕೊನೆಯಲ್ಲಿ, ವಿಚಾರಣೆಗೆ ಖಂಡಿತ ಬರುವ ಇಬ್ಬರ ಹೆಸರು ಬರೆಯಿರಿ. ಊರಿಡೀ ಸಹಿ ಬೇಡ, ಆ ಇಬ್ಬರು ಬಂದರೆ ಸಾಕು.