ಚಕಮಕಿ ಕೋವಿಗೆ ಎಷ್ಟು ಸಾಮಾನು ಬೇಕು?

ಕಲ್ಲು ಉಕ್ಕಿಗೆ ತಾಗಿ ಹಾರುವ ಕಿಡಿಯಿಂದ ಮದ್ದು ಹೊತ್ತುವ ಹಳೆಯ ಬಗೆಯ ಚಕಮಕಿ ಕೋವಿಯ ಗುರಿ ಅಭ್ಯಾಸಕ್ಕೆ ಹೊಸಬರು ತರುವ ಹೆಗಲಚೀಲ ಬಡಗಿಯ ಪೆಟ್ಟಿಗೆಯಂತಿರುತ್ತದೆ. ಎರಡು ಮದ್ದಿನ ಕೊಂಬು, ಗುಂಡನ್ನು ನಳಿಗೆಯ ಬಾಯಿಗೆ ತುರುಕಲು ಗಿಡ್ಡ ಕೋಲು, ಅದನ್ನು ಬಡಿಯಲು ಕೊಡತಿ. ಇವುಗಳಲ್ಲಿ ಹೆಚ್ಚಿನವು ಬೇಕಾಗುವುದು ಗುಂಡಿಗೂ ನಳಿಗೆಗೂ ಅಳತೆ ಹೊಂದದಿದ್ದಾಗ.

0.50 ಅಂಗುಲದ ನಳಿಗೆಗೆ 0.490 ಅಂಗುಲದ ಗುಂಡು ರೂಢಿಯಲ್ಲಿದೆ. ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿದ ಆ ಗುಂಡು ಹೆಬ್ಬೆರಳು ಒತ್ತಿದರೆ ಬಾಯೊಳಗೆ ಇಳಿಯಬೇಕು. ಇಳಿಯದಿದ್ದರೆ ನಳಿಗೆಯ ಬಾಯಂಚನ್ನು ನಯಗೊಳಿಸಿ, ಇಲ್ಲವೇ ಒಂದಿಷ್ಟು ಚಿಕ್ಕ ಗುಂಡು ಬಳಸಿ. ಬ್ರಿಟಿಷ್ ಸೈನಿಕರ ಬ್ರೌನ್ ಬೆಸ್ ಬಂದೂಕಿನ ನಳಿಗೆ 0.75 ಅಂಗುಲ, ಗುಂಡು ಸುಮಾರು 0.69. ಅದಕ್ಕೇ ಕಾಗದದ ತೋಟೆಯೊಂದನ್ನೇ ಹಲ್ಲಿನಲ್ಲಿ ಹರಿದು ಬೇಗಬೇಗ ತುಂಬುತ್ತಿದ್ದರು. ಗುರಿಯ ನಿಖರತೆ ಮಾತ್ರ ಅಷ್ಟಕ್ಕಷ್ಟೆ.

ಬಿಡಲೇಬಾರದ ವಸ್ತು ಮದ್ದು ಅಳೆಯುವ ಕೊಳವೆ. ಕೊಂಬಿನಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯುವವರನ್ನು ನಾನು ಅಭ್ಯಾಸದ ಸಾಲಿನಲ್ಲಿ ನಿಲ್ಲಗೊಡುವುದಿಲ್ಲ. ಹಿಂದಿನ ಈಡಿನ ಕಿಡಿಯೊಂದು ಒಳಗೆ ಉಳಿದಿದ್ದರೆ ಇಡೀ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಮದ್ದು ಕಪ್ಪು ಮದ್ದೇ ಆಗಿರಬೇಕು. ಹೊಗೆರಹಿತ ಮದ್ದು ಹಾಕಿದರೆ ನಳಿಗೆ ಒಡೆಯುತ್ತದೆ. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಡುವುದರಿಂದ ಚಕಮಕಿಗೆ ಒಗ್ಗುವುದಿಲ್ಲ. ಮೂರು ಎಫ್ (FFF) ದರ್ಜೆಯ ಸಣ್ಣ ಹರಳಿನ ಕಪ್ಪು ಮದ್ದು ನಳಿಗೆಗೂ ರಂಜಕಕ್ಕೂ (ಹೊರಗಿನ ಬಟ್ಟಲಿನಲ್ಲಿ ಕಿಡಿ ಹಿಡಿಯುವ ಚಿಟಿಕೆ ಮದ್ದು) ನಡೆಯುತ್ತದೆ, ಹಾಗಾಗಿ ಎರಡನೇ ಕೊಂಬು ಬೇಡ.

ಗುಂಡನ್ನು ನಳಿಗೆಯ ತಳಕ್ಕೆ ತಳ್ಳುವ ಉದ್ದ ಕೋಲಿನ, ಅಂದರೆ ಗಜದ, ಮೇಲೆ ಎರಡು ಗೆರೆ ಕೊರೆದುಕೊಳ್ಳಿ: ಖಾಲಿ ನಳಿಗೆಗೊಂದು, ತುಂಬಿದ್ದಕ್ಕೊಂದು. ಗುಂಡು ಮದ್ದಿನ ಮೇಲೆ ಕೂತಿದೆಯೋ ನಡುವೆ ಸಿಕ್ಕಿಕೊಂಡಿದೆಯೋ ಎಂದು ಎರಡನೇ ಗೆರೆ ಹೇಳುತ್ತದೆ. ನಡುವೆ ನಿಂತ ಗುಂಡು ನಳಿಗೆಯನ್ನು ಉಬ್ಬಿಸಬಹುದು, ಸೀಳಲೂಬಹುದು. ಗುಂಡು ಕೂತ ಮೇಲೆಯೇ ರಂಜಕ. ಸೈನಿಕರು ರಂಜಕವನ್ನು ಮೊದಲೇ ಹಾಕುತ್ತಿದ್ದರು. ಯುದ್ಧದ ಅವಸರ ನಮಗಿಲ್ಲ.

ರಂಜಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಬಟ್ಟಲು ತುಂಬಿ, ಅದರಿಂದ ನಳಿಗೆಯೊಳಗೆ ಹೋಗುವ ಸಣ್ಣ ತೂತು, ಅಂದರೆ ಕಿವಿಯೂ, ಮುಚ್ಚಿದರೆ ಮದ್ದು ಬತ್ತಿಯಂತೆ ಉರಿಯುತ್ತಾ ಒಳಗೆ ಹೋಗಬೇಕಾಗುತ್ತದೆ, ಈಡು ತಡವಾಗುತ್ತದೆ. ಕಿವಿ ತೆರೆದಿದ್ದರೆ ಜ್ವಾಲೆ ನೇರ ಒಳಗೆ ಹಾರುತ್ತದೆ. ಆದ್ದರಿಂದ ತೆಳು ತಂತಿಯೊಂದು ಜೇಬಿನಲ್ಲಿರಲಿ. ಬಟ್ಟಲಲ್ಲಿ ಮಾತ್ರ ಭುಗ್ಗೆಂದು, ಈಡು ಹಾರದಿದ್ದರೆ ಕೋವಿಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷವಾದರೂ ಕಾಯಿರಿ. ಆಮೇಲೆ ತಂತಿಯಿಂದ ಕಿವಿ ಚುಚ್ಚಿ, ಹೊಸ ರಂಜಕ ಹಾಕಿ.

ಕಿಡಿ ಬರುತ್ತಿಲ್ಲ ಎನ್ನುವವರು ಮದ್ದನ್ನು ಬೈಯುತ್ತಾರೆ. ನಾನು ಮೊದಲು ನೋಡುವುದು ಕಲ್ಲಿನ ಅಂಚನ್ನು. ಕಿಡಿಯೆಂದರೆ ಕಲ್ಲು ಹೆರೆದ ಉಕ್ಕಿನ ಚೂರು, ಮೊಂಡು ಅಂಚು ಏನನ್ನೂ ಹೆರೆಯದು. ಕಲ್ಲನ್ನು ತೊಗಲಿನ ತುಂಡಿನಲ್ಲಿ ಸುತ್ತಿ ಕುದುರೆಯ (ಕಲ್ಲು ಹಿಡಿದು ಉಕ್ಕಿಗೆ ಬಡಿಯುವ ಕೊಕ್ಕೆ) ದವಡೆಗೆ ಬಿಗಿಯಿರಿ, ಉಕ್ಕಿನ ಮುಖಕ್ಕೆ ಅಂಚು ಉದ್ದಕ್ಕೂ ಸಮನಾಗಿ ತಾಗಲಿ. ಇನ್ನೊಂದು ಕಲ್ಲು ಜೊತೆಗಿದ್ದರೆ ಸಾಕು.

ತೊಳೆಯಲು ವಿಶೇಷ ದ್ರಾವಣವೂ ಬೇಡ. ಕಪ್ಪು ಮದ್ದಿನ ಮಡ್ಡಿಯಲ್ಲಿರುವ ಲವಣಗಳು ನೀರಿನಲ್ಲಿ ಕರಗುತ್ತವೆ. ಅದೇ ದಿನ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಸವರಿ. ಮರುದಿನ ಒಣಬಟ್ಟೆ ಆಡಿಸಿ ನೋಡಿ. ಕಂದು ಕಲೆ ಹತ್ತಿದರೆ ಮತ್ತೊಮ್ಮೆ ತೊಳೆಯಬೇಕು.